ಒಂದು ಕುಲುಮೆ, ಎರಡು ಕಸುಬು

ಹೊನ್ನಾವರ ಪೇಟೆಯ ಒಳರಸ್ತೆಯಲ್ಲೊಂದು ಹಳೆಯ ಹೆಂಚಿನ ಮನೆ. ಜಗಲಿಯ ಒಂದು ಮೂಲೆಯೇ ಅಕ್ಕಸಾಲೆ. ಗಿಡ್ಡ ಮಣೆ, ಅದರ ಮುಂದೆ ಮಸಿ ಹಿಡಿದ ಅಗ್ಗಿಷ್ಟಿಕೆ, ಊದುಕೊಳವೆ, ಇಕ್ಕಳಗಳ ಸಾಲು, ಬಿಳಿಗಾರದ ಬಟ್ಟಲು. ಮೂರು ತಲೆಮಾರು ಕಂಡ ಜಾಗ ಅದು. ಆ ಮನೆಯ ಯಜಮಾನರು ಕಳೆದ ಮಳೆಗಾಲದ ಒಂದು ಸಂಜೆ ನನ್ನನ್ನು ಕರೆಸಿದರು. ಕಾರಣ, ಅವರ ಮಗಳು. ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ, ಚಿತ್ರ ಬರೆಯುವುದರಲ್ಲಿ ಚುರುಕು. ವಿದ್ಯುತ್ ಕುಲುಮೆಯೊಂದನ್ನು ಕೊಡಿಸಬೇಕೆಂದು ಹಟ ಹಿಡಿದಿದ್ದಾಳೆ.

‘ಮಾಸ್ತರ್ರೇ, ಇವಳು ಒಂದು ದಿನ ಮೀನಾಕಾರಿ ಅಂತಾಳೆ, ಇನ್ನೊಂದು ದಿನ ಲೋಹದ ಜೇಡಿ ಅಂತಾಳೆ. ಎರಡಕ್ಕೂ ಬೇರೆ ಬೇರೆ ಕುಲುಮೆ ಬೇಕಂತೆ ಅಂತ ಯಾರೋ ಹೇಳಿದ್ದಾರೆ. ಹಿಂದೊಮ್ಮೆ ಸಾಲ ಮಾಡಿ ತಂದ ತಂತಿ ಎಳೆಯುವ ಯಂತ್ರ ಅಲ್ಲಿ ತುಕ್ಕು ತಿನ್ನುತ್ತಾ ಬಿದ್ದಿದೆ ನೋಡಿ. ಇನ್ನೊಂದು ಅದರ ಪಕ್ಕದಲ್ಲಿ ಕೂರುವುದು ಬೇಡ’ ಎಂದರು.

‘ಒಂದೇ ಸಾಕು ಅಪ್ಪ, ಸರಿಯಾದ್ದನ್ನು ಆರಿಸಿದರೆ’ ಎಂದಳು ಮಗಳು, ಬಾಗಿಲ ಹಿಂದಿನಿಂದ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ತಂದೆಯ ಕಸುಬು ಜಗಲಿಯಲ್ಲಿ ಕಾಯುತ್ತಿರುತ್ತದೆ. ಆ ಸಂಜೆ ನಡೆದ ಮಾತುಕತೆಯನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಕುಲುಮೆ ಕೊಳ್ಳುವವರಿಗೆ ಇದು ಉಪಯೋಗಕ್ಕೆ ಬಂದೀತು. ಕೊಳ್ಳದವರಿಗೆ ಬೆಂಕಿಯ ಕೆಲಸವೊಂದರ ಪರಿಚಯವಾದರೂ ಆದೀತು.

ಅಜ್ಜಿಯ ತಟ್ಟೆಯಿಂದ ಶುರು

ಮೀನಾಕಾರಿ ಎಂದೊಡನೆ ಜಯಪುರ, ವಾರಾಣಸಿ ನೆನಪಾಗುತ್ತವೆ. ವಾರಾಣಸಿಯ ಗುಲಾಬಿ ಮೀನಾಕಾರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಅದೇ ತತ್ವದ ವಸ್ತು ನಮ್ಮ ಅಡುಗೆಮನೆಯಲ್ಲೇ ಇತ್ತು. ಅಜ್ಜಿಯ ಕಾಲದ ಬಿಳಿಯ ಎನಾಮಲ್ ತಟ್ಟೆ, ಅಂಚಿಗೊಂದು ನೀಲಿ ಗೆರೆ. ಕೈತಪ್ಪಿ ಬಿದ್ದರೆ ಚಕ್ಕೆ ಎದ್ದು, ಒಳಗಿನ ಕಬ್ಬಿಣ ಕಂಡು, ಅಲ್ಲಿ ತುಕ್ಕು ಹಿಡಿಯುತ್ತಿತ್ತು. ಆ ಬಿಳಿ ಬಣ್ಣ ನಿಜವಾಗಿ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಬಿಸಿಮಾಡಿದರೆ ಅದು ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಎನಾಮಲ್ ಎಂದರೆ ಇಷ್ಟೇ. ಕಬ್ಬಿಣದ ಬದಲು ತಾಮ್ರ, ಬೆಳ್ಳಿ, ಬಂಗಾರ ಬಂದರೆ ಅದು ಒಡವೆ.

ಈ ಪುಡಿಗಾಜು ಸುಮಾರು 750ರಿಂದ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಕೆಲಸ ಮಾಡುವ ಬಗೆ ಹೀಗೆ: ತಾಮ್ರದ ತಗಡನ್ನು ತಿಕ್ಕಿ ತೊಳೆಯಬೇಕು. ದೀಪದ ಕಂಬ ಬೆಳಗಲು ನಾವು ಬಳಸುವ ಹುಣಸೆಹಣ್ಣು ಇಲ್ಲಿಯೂ ಆಗುತ್ತದೆ. ತೊಳೆದ ತಗಡಿನ ಮೇಲೆ ನೀರು ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ ಎಂದರ್ಥ, ಒಂದೇ ಪದರವಾಗಿ ಹರಡಿಕೊಂಡರೆ ಶುದ್ಧವಾಗಿದೆ ಎಂದರ್ಥ. ಬಳಿಕ ಪುಡಿಯನ್ನು ಸಣ್ಣ ಜರಡಿಯಿಂದ ಉದುರಿಸಬೇಕು, ಇಲ್ಲವೇ ನೀರಿನಲ್ಲಿ ಕಲಸಿ ಕುಂಚದಿಂದ ಇಡಬೇಕು. ಪೂರ್ತಿ ಒಣಗಿದ ಮೇಲೆ, ಮೊದಲೇ ಕಾದು ಕೆಂಪಾಗಿರುವ ಕುಲುಮೆಗೆ ತೂರಿಸಬೇಕು. ಒಂದೂವರೆಯಿಂದ ಮೂರು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಪುಡಿ ಮೊದಲು ಸಕ್ಕರೆಯಂತೆ ತರಿತರಿಯಾಗುತ್ತದೆ, ಆಮೇಲೆ ಕಿತ್ತಳೆಯ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ, ಕೊನೆಗೆ ಕನ್ನಡಿಯಂತೆ ನುಣುಪಾಗುತ್ತದೆ. ಆ ಕ್ಷಣದಲ್ಲಿ ಹೊರತೆಗೆಯಬೇಕು.

ನಾನು ಮೊದಲ ಬಾರಿ ಮಾಡಿದಾಗ ಬಿಲ್ಲೆಯೊಂದು ಚೆನ್ನಾಗಿಯೇ ಬಂದಿತ್ತು. ಮೇಜಿನ ಮೇಲಿಟ್ಟು ಮೆಚ್ಚಿಕೊಳ್ಳುತ್ತಿದ್ದಂತೆ ‘ಟಿಣ್’ ಎಂಬ ಸದ್ದು. ನೀಲಿ ಗಾಜಿನ ಒಂದು ಚೂರು ಹಾರಿಹೋಗಿತ್ತು. ತಪ್ಪು ನನ್ನದೇ. ತಣಿಯುವಾಗ ತಾಮ್ರ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಒಂದೇ ಕಡೆ ಗಾಜಿದ್ದರೆ ತಗಡು ಬಾಗುತ್ತದೆ, ಗಾಜು ಒಡೆಯುತ್ತದೆ. ಬೆನ್ನಿಗೂ ಒಂದು ಪದರ ಗಾಜು ಕೊಟ್ಟರೆ ಎರಡೂ ಕಡೆಯ ಎಳೆತ ಸಮನಾಗುತ್ತದೆ. ಅಜ್ಜಿಯ ತಟ್ಟೆಯ ಅಡಿಭಾಗಕ್ಕೂ ಎನಾಮಲ್ ಇದ್ದುದನ್ನು ದಿನವೂ ನೋಡಿದ್ದೆ. ಯಾಕೆಂದು ಕೇಳಿಕೊಂಡಿರಲಿಲ್ಲ!

ಕನಕದ ಕಣಕ

ಇನ್ನು ಲೋಹದ ಜೇಡಿ. ಇದು ಹೊಸ ವಸ್ತು. ಜಪಾನಿನ ಮಿತ್ಸುಬಿಶಿ ಮೆಟೀರಿಯಲ್ಸ್ ಕಂಪನಿ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದಿತು. ಜಪಾನಿನದೇ ಆದ ಐದಾ ಕೆಮಿಕಲ್ ಕಂಪನಿಯ ‘ಆರ್ಟ್ ಕ್ಲೇ’ ಎಂಬ ಬೆಳ್ಳಿಯ ಜೇಡಿಯೂ ಹೆಸರು ಮಾಡಿದೆ. ಬೆಳ್ಳಿಯ ಅತಿ ನುಣುಪಾದ ಪುಡಿ, ಅದನ್ನು ಹಿಡಿದಿಡುವ ಅಂಟು, ಒಂದಿಷ್ಟು ನೀರು. ಇವು ಸೇರಿದರೆ ಜೇಡಿ. ಕೈಯಲ್ಲಿ ಹಿಡಿದರೆ ಹೋಳಿಗೆಯ ಕಣಕದಂತೆಯೇ ಇರುತ್ತದೆ. ಲಟ್ಟಿಸಬಹುದು, ಎಲೆಯೊಂದನ್ನು ಒತ್ತಿ ಅದರ ನರಗಳ ಅಚ್ಚು ತೆಗೆಯಬಹುದು, ಸೂಜಿಯಿಂದ ಕೊರೆಯಬಹುದು. ಒಣಗಿಸಿ ಕುಲುಮೆಯಲ್ಲಿಟ್ಟರೆ ಅಂಟು ಸುಟ್ಟುಹೋಗಿ ಬೆಳ್ಳಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಉಳಿಯುವುದು ಅಪ್ಪಟ ಬೆಳ್ಳಿ.

ಇಲ್ಲಿ ಬೆಳ್ಳಿ ಕರಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಯ ಆಸುಪಾಸಿನಲ್ಲಿ. ಜೇಡಿಯನ್ನು ಸುಡುವುದು ಅದಕ್ಕಿಂತ ಕೆಳಗೆ. ಜೇಡಿಯ ಜಾತಿಯನ್ನು ನೋಡಿಕೊಂಡು 650 ಡಿಗ್ರಿಯಿಂದ 900 ಡಿಗ್ರಿವರೆಗೆ ಸುಡುತ್ತಾರೆ. ಕೆಳಗಿನ ಶಾಖದಲ್ಲಿ ಅರ್ಧ ಗಂಟೆಯಲ್ಲೇ ಆಗುವ ಜೇಡಿಗಳೂ ಇವೆ. ಆದರೆ ತುಂಡು ಗಟ್ಟಿಮುಟ್ಟಾಗಬೇಕಾದರೆ 900 ಡಿಗ್ರಿಯಲ್ಲಿ ಎರಡು ಗಂಟೆ ಇಡುವುದು ಒಳ್ಳೆಯದು. ಕರಗುವ ಮೊದಲೇ ಕಣಗಳು ಅಂಟಿಕೊಳ್ಳುವ ಈ ಕ್ರಿಯೆಗೆ ಸಿಂಟರಿಂಗ್ ಎಂದು ಹೆಸರು. ಕಾರ್ಖಾನೆಗಳಲ್ಲಿ ಲೋಹದ ಪುಡಿಯಿಂದ ಯಂತ್ರದ ಬಿಡಿಭಾಗಗಳನ್ನು ಮಾಡುವುದೂ ಇದೇ ತತ್ವದಿಂದ.

ಕಣಗಳು ಹತ್ತಿರ ಸರಿದರೆ ತುಂಡು ಕುಗ್ಗಲೇಬೇಕು. ಈಗಿನ ಬೆಳ್ಳಿ ಜೇಡಿಗಳು ಸುಮಾರು ಶೇಕಡಾ 8ರಿಂದ 15ರಷ್ಟು ಕುಗ್ಗುತ್ತವೆ. ಇಲ್ಲೊಂದು ಲೆಕ್ಕವಿದೆ. ಶೇಕಡಾ 10ರಷ್ಟು ಕುಗ್ಗುವ ಜೇಡಿಯಿಂದ 54 ಮಿಲಿಮೀಟರ್ ಸುತ್ತಳತೆಯ ಉಂಗುರ ಬೇಕಾದರೆ ಎಷ್ಟು ಉದ್ದದ ಪಟ್ಟಿ ಬೇಕು? 54ನ್ನು 0.9ರಿಂದ ಭಾಗಿಸಿದರೆ 60 ಮಿಲಿಮೀಟರ್. ಉದ್ದದಲ್ಲಿ ಹತ್ತನೆಯ ಒಂದು ಪಾಲು ಕುಗ್ಗಿದರೆ ಗಾತ್ರದಲ್ಲಿ ಎಷ್ಟು ಕುಗ್ಗಿತು? 0.9ನ್ನು ಮೂರು ಸಲ ಗುಣಿಸಿ ನೋಡಿ. 0.729, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಭಾಗ ಮಾಯ! ನಾನಿದನ್ನು ಹೇಳಿದಾಗ ಯಜಮಾನರು ನಕ್ಕು, ‘ನಮ್ಮಲ್ಲಿ ಅರ ತಾಗಿಸಿದರೆ ಸವಕಳಿ. ಇಲ್ಲಿ ಬೆಂಕಿಗಿಟ್ಟರೇ ಸವಕಳಿಯೋ?’ ಎಂದರು. ಅಲ್ಲ, ತೂಕದಲ್ಲಿ ಬೆಳ್ಳಿ ಚೂರೂ ಕಡಿಮೆಯಾಗುವುದಿಲ್ಲ. ಹೋಗುವುದು ಅಂಟು, ನೀರು ಮತ್ತು ನಡುವಿನ ಖಾಲಿ ಜಾಗ ಮಾತ್ರ.

ತಾಮ್ರದ, ಕಂಚಿನ ಜೇಡಿಗಳೂ ಬಂದಿವೆ. ಅವು ಅಗ್ಗ. ಆದರೆ ತಾಮ್ರ ಗಾಳಿಯಲ್ಲಿ ಕಾದರೆ ಕಪ್ಪಾಗಿ ಹುರುಪೆ ಏಳುತ್ತದೆ, ಕಣಗಳು ಬೆಸೆಯುವುದಿಲ್ಲ. ಆದ್ದರಿಂದ ಅವನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗೆ ಇದ್ದಿಲಿನ ಹರಳುಗಳಲ್ಲಿ ಹೂತು ಸುಡಬೇಕು. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ತೆಂಗಿನ ಗೆರಟೆಯಿಂದ ಮಾಡಿದ ಸಕ್ರಿಯ ಇಂಗಾಲವನ್ನು. ನಮ್ಮ ಕರಾವಳಿಯಲ್ಲಿ ಗೆರಟೆಗೇನು ಬರ? ಆದರೆ ಹಿತ್ತಿಲಲ್ಲಿ ಸುಟ್ಟ ಗೆರಟೆ ಇದ್ದಿಲೇ ಬೇರೆ, ಸಕ್ರಿಯ ಇಂಗಾಲವೇ ಬೇರೆ. ಎರಡನೆಯದನ್ನು ಹಬೆಯಲ್ಲಿ ಕಾಯಿಸಿ ಹದ ಮಾಡಿರುತ್ತಾರೆ. ಅದನ್ನು ಕೊಂಡೇ ತರಬೇಕು.

ಎರಡು ಹಸಿವು, ಒಂದು ಒಲೆ

ಈಗ ಮೂಲ ಪ್ರಶ್ನೆ. ಈ ಎರಡು ಕಸುಬಿಗೆ ಒಂದೇ ಕುಲುಮೆ ಸಾಕೇ?

ಎರಡರ ಬೇಡಿಕೆಯೂ ಬೇರೆ. ಎನಾಮಲ್ ದೋಸೆ ಹೊಯ್ದಂತೆ. ಕಾವಲಿ ಮೊದಲೇ ಕಾದಿರಬೇಕು, ಹಾಕು, ತೆಗೆ, ಮತ್ತೆ ಹಾಕು. ಪ್ರತಿ ಸಲ ಬಾಗಿಲು ತೆರೆದಾಗಲೂ ಶಾಖ ಥಟ್ಟನೆ ಇಳಿಯುತ್ತದೆ, ಅಷ್ಟೇ ಬೇಗ ಏರಬೇಕು. ಲೋಹದ ಜೇಡಿ ಕಡುಬು ಬೇಯಿಸಿದಂತೆ. ಒಳಗಿಟ್ಟು ಮುಚ್ಚಿದರೆ ಮುಗಿಯಿತು. ಹೇಳಿದ ಶಾಖದಲ್ಲಿ, ಹೇಳಿದಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು. ಮೊದಲನೆಯದಕ್ಕೆ ಒಳ್ಳೆಯ ಬಾಗಿಲು ಬೇಕು, ಎರಡನೆಯದಕ್ಕೆ ಒಳ್ಳೆಯ ಗಡಿಯಾರ ಬೇಕು. ಎರಡೂ ಇರುವ ಕುಲುಮೆಯನ್ನು ಆರಿಸಿದರೆ ಒಂದೇ ಸಾಕು. ಮಗಳ ಮಾತು ಸರಿಯಾಗಿತ್ತು.

ಬಾಗಿಲು ಮುಂದುಗಡೆಯೇ ಇರಬೇಕು. ಮೇಲಿನಿಂದ ಮುಚ್ಚಳ ತೆಗೆಯುವ ಕುಲುಮೆಯಲ್ಲಿ ಜೇಡಿ ಸುಡಬಹುದು. ಎನಾಮಲ್ಲಿಗೆ ಅದು ಅನುಕೂಲವಲ್ಲ, ಬಿಸಿಯೆಲ್ಲ ಮುಖಕ್ಕೆ ಬಡಿಯುತ್ತದೆ. ಮುಂದಿನ ಬಾಗಿಲು ಪಕ್ಕಕ್ಕೆ ಅಥವಾ ಮೇಲಕ್ಕೆ ತೆರೆದುಕೊಂಡು, ಅದರ ಕಾದ ಮುಖ ಕೈಯಿಂದ ಆಚೆ ತಿರುಗುವಂತಿರಲಿ. ಬಾಗಿಲು ತೆರೆದೊಡನೆ ಸುರುಳಿಗೆ ಕರೆಂಟು ಕಡಿಯುವ ಸ್ವಿಚ್ಚು ಇರಲೇಬೇಕು. ಕಬ್ಬಿಣದ ಚಿಮ್ಮಟ ಹಿಡಿದ ಕೈ ಒಳಗೆ ಹೋಗುವಾಗ ಸುರುಳಿಗೆ ತಗುಲಿದರೆ ಗತಿಯೇನು?

ಒಳಗಿನ ಗೂಡು ಸುಮಾರು 20 ಸೆಂಟಿಮೀಟರ್ ಅಗಲ, ಅಷ್ಟೇ ಆಳ, 12ರಿಂದ 15 ಸೆಂಟಿಮೀಟರ್ ಎತ್ತರವಿದ್ದರೆ ಒಡವೆ ಕೆಲಸಕ್ಕೆ ಧಾರಾಳ. ಮುಂದೆ ತಾಮ್ರದ ಜೇಡಿ ಸುಡುವ ಆಸೆಯಿದ್ದರೆ ಇಂಗಾಲದ ಡಬ್ಬಿಯನ್ನು ಒಳಗಿಟ್ಟು, ಸುತ್ತ ಎರಡು ಬೆರಳು ಜಾಗ ಉಳಿಯುತ್ತದೆಯೇ ನೋಡಿಕೊಳ್ಳಿ. ಅತಿ ದೊಡ್ಡದು ಬೇಡ. ಕಾಯುವುದು ತಡ, ಬಿಲ್ಲು ಹೆಚ್ಚು.

ಗೋಡೆ ಎರಡು ಬಗೆ. ಒಂದು ಹಗುರವಾದ ಶಾಖನಿರೋಧಕ ಇಟ್ಟಿಗೆಯದು, ಇನ್ನೊಂದು ಸೆರಾಮಿಕ್ ನಾರಿನದು. ನಾರಿನ ಗೋಡೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಇಟ್ಟಿಗೆ ತಡವಾಗಿ ಕಾಯುತ್ತದೆ, ಆದರೆ ಹಿಡಿದ ಬಿಸಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಬಾಗಿಲು ಪದೇ ಪದೇ ತೆರೆಯುವ ಎನಾಮಲ್ ಕೆಲಸಕ್ಕೆ ಇಟ್ಟಿಗೆ ಒಗ್ಗುತ್ತದೆ.

ಶಾಖವನ್ನು ತೋರಿಸುವ, ಹಿಡಿದಿಡುವ ಡಿಜಿಟಲ್ ನಿಯಂತ್ರಕ ಬೇಕೇ ಬೇಕು. ಗಂಟೆಗೆ ಇಷ್ಟು ಡಿಗ್ರಿಯಂತೆ ಏರು, ಇಲ್ಲಿಗೆ ಬಂದಾಗ ಇಷ್ಟು ಹೊತ್ತು ನಿಲ್ಲು ಎಂದು ಹೇಳಿಕೊಡಬಲ್ಲ ನಿಯಂತ್ರಕವಾದರೆ ಇನ್ನೂ ಉತ್ತಮ. ಬೆಳ್ಳಿಯ ಜೇಡಿ ಈ ವಿಷಯದಲ್ಲಿ ಸಾಧು, ಬೇಗ ಕಾಯಿಸಿದರೂ ಸಹಿಸುತ್ತದೆ. ತಾಮ್ರ, ಕಂಚುಗಳಿಗೆ ನಿಧಾನ ಬೇಕು.

ಕೊನೆಯದಾಗಿ ಗರಿಷ್ಠ ಶಾಖ. ನಮ್ಮ ದೇಶದಲ್ಲೇ ತಯಾರಾಗುವ, ಪ್ರಯೋಗಶಾಲೆಗಳಲ್ಲಿ ಬಳಸುವ ಮಫಲ್ ಕುಲುಮೆಗಳು ಈ ಕೆಲಸಕ್ಕೆ ಒದಗುತ್ತವೆ. ಆದರೆ ಅವುಗಳಲ್ಲಿ 900 ಡಿಗ್ರಿಯೇ ಗರಿಷ್ಠವೆಂದು ಬರೆದಿರುವಂಥವೂ ಇವೆ. ಅದನ್ನು ಕೊಂಡು 900ರಲ್ಲಿ ಎರಡು ಗಂಟೆ ಸುಡುವುದೆಂದರೆ ಎತ್ತಿಗೆ ಹೊರಲಾರದಷ್ಟು ಹೇರಿದಂತೆ. ಸುರುಳಿ ಬೇಗ ಸುಟ್ಟುಹೋಗುತ್ತದೆ. 1,100 ಡಿಗ್ರಿಯಾದರೂ ಮುಟ್ಟಬಲ್ಲದ್ದನ್ನೇ ಕೇಳಿ. ಹಾಗೆಯೇ ಸುರುಳಿಯನ್ನು ಬದಲಾಯಿಸಿಕೊಡುವವರು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದ್ದಾರೆಯೇ ಎಂದು ವಿಚಾರಿಸದೆ ಹಣ ಕೊಡಬೇಡಿ. ಸುರುಳಿ ಎಂದಾದರೊಂದು ದಿನ ಹೋಗಿಯೇ ಹೋಗುತ್ತದೆ.

ದುಬೈ ಭಾವನ ಕುಲುಮೆ

ಭಟ್ಕಳದ ಕಡೆ ಮನೆಗೊಬ್ಬರಾದರೂ ಕೊಲ್ಲಿ ದೇಶಗಳಲ್ಲಿದ್ದಾರೆ. ಈಗ ಅಮೆರಿಕದಲ್ಲಿರುವ ಮಕ್ಕಳೂ ಕಡಿಮೆಯಿಲ್ಲ. ‘ಅವರಿಂದಲೇ ತರಿಸಿದರಾಯಿತು’ ಎಂಬ ಆಲೋಚನೆ ಸಹಜ. ಅದಕ್ಕೆ ಮೊದಲು ಪೆಟ್ಟಿಗೆಯ ಹಿಂದಿನ ಚೀಟಿ ಓದಿಸಿ. ದುಬೈಯ ಸಾಮಾನು ನಮ್ಮ 230 ವೋಲ್ಟಿಗೆ ಹೊಂದುತ್ತದೆ. ಅಮೆರಿಕದ ಸಣ್ಣ ಕುಲುಮೆಗಳಲ್ಲಿ ಹೆಚ್ಚಿನವು 120 ವೋಲ್ಟಿನವು. ಅದನ್ನು ಇಲ್ಲಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಏನಾಗುತ್ತದೆ?

ಪಿಯುಸಿ ವಿದ್ಯಾರ್ಥಿಗಳು ಉತ್ತರಿಸಬಲ್ಲರು. ಒಂದೇ ತಂತಿಯ ಸುರುಳಿಗೆ ವೋಲ್ಟೇಜು ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 230ನ್ನು 120ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 3.7. ಒಂದೂವರೆ ಕಿಲೋವ್ಯಾಟಿನ ಕುಲುಮೆ ಐದೂವರೆ ಕಿಲೋವ್ಯಾಟು ಎಳೆಯಲು ಹೋಗಿ ಕ್ಷಣದಲ್ಲಿ ಸುಟ್ಟುಕೊಳ್ಳುತ್ತದೆ.

ಇದೇ ಸೂತ್ರ ತಿರುಗಿಯೂ ಕೆಲಸ ಮಾಡುತ್ತದೆ. ಸಂಜೆ ಎಲ್ಲ ಮನೆಗಳ ಪಂಪು, ಮಿಕ್ಸಿ ತಿರುಗುವ ಹೊತ್ತಿಗೆ ಹಳ್ಳಿಯ ಕಡೆ ವೋಲ್ಟೇಜು 180ಕ್ಕೆ ಇಳಿದರೆ ಕುಲುಮೆಗೆ ಸಿಗುವ ಶಕ್ತಿ ಶೇಕಡಾ 61 ಮಾತ್ರ. ಗಂಟೆಗಟ್ಟಲೆ ಕಾದರೂ 900 ಮುಟ್ಟಲಿಕ್ಕಿಲ್ಲ. ‘ಕುಲುಮೆ ಕೆಟ್ಟಿದೆ’ ಎಂದು ದೂರುವ ಮೊದಲು ವೋಲ್ಟೇಜು ಅಳೆದು ನೋಡಬೇಕು. ಬೆಳಗಿನ ಹೊತ್ತು ಸುಡುವುದು ಮೇಲು.

ಒಂದೂವರೆ ಕಿಲೋವ್ಯಾಟಿನ ಕುಲುಮೆ ಆರೂವರೆ ಆಂಪಿಯರು ಎಳೆಯುತ್ತದೆ. ಮೊಬೈಲು ಚಾರ್ಜು ಮಾಡುವ ಸಣ್ಣ ಸಾಕೆಟ್ಟು ಇದಕ್ಕಲ್ಲ. 16 ಆಂಪಿಯರಿನ ಮೂರು ಪಿನ್ನಿನ ಸಾಕೆಟ್ಟು, ಸರಿಯಾದ ಅರ್ಥಿಂಗ್, ಅದಕ್ಕೇ ಮೀಸಲಾದ ತಂತಿ ಬೇಕು. ಹಳೆಯ ಮನೆಗಳಲ್ಲಿ ಈ ಖರ್ಚನ್ನೂ ಕುಲುಮೆಯ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಬಿಲ್ಲಿನ ಭಯ ಬೇಡ. ಗುರಿ ಮುಟ್ಟಿದ ಮೇಲೆ ಸುರುಳಿ ಆಗಾಗ ಮಾತ್ರ ಹೊತ್ತುತ್ತದೆ. 900 ಡಿಗ್ರಿಯಲ್ಲಿ ಎರಡು ಗಂಟೆಯ ಒಂದು ಸುಡುವಿಕೆಗೆ ಎರಡೂವರೆಯಿಂದ ಮೂರು ಯೂನಿಟ್ಟು ಎಂದಿಟ್ಟುಕೊಳ್ಳಬಹುದು.

ಮಳೆಗಾಲದ ಪಾಠ

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಜೂನ್ ಬಂದರೆ ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ. ಪುಸ್ತಕದಲ್ಲಿ ‘ಒಂದು ದಿನ ಗಾಳಿಗೆ ಒಣಗಿಸಿ’ ಎಂದು ಬರೆದಿದ್ದರೆ ಅದು ಒಣ ಊರಿನ ಮಾತು. ಇಲ್ಲಿ ಮೂರು ದಿನವಾದರೂ ಜೇಡಿಯೊಳಗೆ ತೇವ ಉಳಿದಿರಬಹುದು. ತೇವ ಉಳಿದ ತುಂಡು ಕುಲುಮೆಗೆ ಹೋದರೆ ಒಳಗಿನ ನೀರು ಹಬೆಯಾಗಿ ಗುಳ್ಳೆ ಎಬ್ಬಿಸುತ್ತದೆ, ತುಂಡು ಸಿಡಿಯುವುದೂ ಉಂಟು. ಕಂಡುಹಿಡಿಯಲು ಸುಲಭ ಉಪಾಯವಿದೆ. ತುಂಡನ್ನು ಸ್ವಲ್ಪ ಬೆಚ್ಚಗೆ ಮಾಡಿ ತಣ್ಣನೆಯ ಕನ್ನಡಿಯ ಮೇಲಿಡಿ. ಎತ್ತಿದಾಗ ಕನ್ನಡಿಯಲ್ಲಿ ಮಂಜು ಕಂಡರೆ ತೇವ ಇದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿ ಒಣಗಿಸಿದಂತೆ, ಕಾಯುತ್ತಿರುವ ಕುಲುಮೆಯ ಬೆಚ್ಚನೆ ತಲೆಯ ಮೇಲೆ ಒಂದು ತಗಡಿಟ್ಟು ಜೇಡಿಯನ್ನು ಒಣಗಿಸಬಹುದು. ಎನಾಮಲ್ ಹಾಕಿದ ತುಂಡಿಗೂ ಇದೇ ಉಪಚಾರ.

ಮಳೆಗಾಲದ ಇನ್ನೊಂದು ಕಾಟ ಕರೆಂಟು ಹೋಗುವುದು. ಬೆಳ್ಳಿ ಜೇಡಿ ಅರ್ಧಕ್ಕೆ ನಿಂತರೆ ಗಾಬರಿ ಬೇಡ, ಕರೆಂಟು ಬಂದ ಮೇಲೆ ಮೊದಲಿನಿಂದ ಸುಟ್ಟರಾಯಿತು. ಎನಾಮಲ್ಲಿಗೂ ಅಷ್ಟೇ. ಇಂಗಾಲದಲ್ಲಿ ಹೂತ ತಾಮ್ರವಾದರೆ ಮಾತ್ರ ಬಿಸಿಯಲ್ಲಿ ಮುಚ್ಚಳ ತೆಗೆಯಬೇಡಿ. ಕರೆಂಟು ಮರಳಿದಾಗ ನಿಯಂತ್ರಕ ನಿಂತಲ್ಲಿಂದ ಮುಂದುವರಿಯುತ್ತದೆಯೋ, ಮೊದಲಿಂದ ಶುರುಮಾಡುತ್ತದೆಯೋ, ಸುಮ್ಮನಿರುತ್ತದೆಯೋ ಎಂಬುದನ್ನು ಕೊಳ್ಳುವಾಗಲೇ ಕೇಳಿಕೊಳ್ಳಿ. ಉಪ್ಪುಗಾಳಿ ಬೀಸುವ ಮನೆಗಳಲ್ಲಿ ಹಿಂಬದಿಯ ತಂತಿ ಜೋಡಣೆ ತುಕ್ಕು ಹಿಡಿದು ಸಡಿಲವಾಗುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ, ಪ್ಲಗ್ಗು ಕಿತ್ತು, ತಿಳಿದವರಿಂದ ಪರೀಕ್ಷೆ ಮಾಡಿಸಿ.

ಅಪ್ಪನ ಕಣ್ಣು, ಮಗಳ ಅಂಕಿ

ಮಾತು ಇಲ್ಲಿಗೆ ಬಂದಾಗ ಯಜಮಾನರು ಅಗ್ಗಿಷ್ಟಿಕೆಯತ್ತ ಬೊಟ್ಟು ಮಾಡಿದರು. ‘ನಮಗೆ ಇದ್ಯಾವುದೂ ಇರಲಿಲ್ಲ. ಬಣ್ಣ ನೋಡಿ ಹೇಳುತ್ತಿದ್ದೆವು.’

ಇದು ಹೆಚ್ಚುಗಾರಿಕೆಯ ಮಾತಲ್ಲ. ಕಾದ ಲೋಹ 650–700 ಡಿಗ್ರಿಯಲ್ಲಿ ಮಂದ ಕೆಂಪು, 800ರ ಹತ್ತಿರ ನಿಚ್ಚಳ ಕೆಂಪು, 900 ದಾಟಿದರೆ ಕಿತ್ತಳೆಯತ್ತ ತಿರುಗುತ್ತದೆ. ಬಿಸಿಲಲ್ಲಿ ಈ ವ್ಯತ್ಯಾಸ ಕಾಣದು. ಅಕ್ಕಸಾಲೆಗಳು ಮಬ್ಬುಗತ್ತಲಲ್ಲಿ ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅಳತೆಯ ಕಡ್ಡಿ ಕೆಟ್ಟು ತಪ್ಪು ಅಂಕಿ ತೋರಿಸಿದಾಗ ಕಾಪಾಡುವುದು ಇಂಥ ಕಣ್ಣೇ. ಅಂಕಿಯನ್ನು ಪರೀಕ್ಷಿಸುವ ಹಳೆಯ ದಾರಿಯೂ ಅಕ್ಕಸಾಲಿಗರ ಮನೆಯಲ್ಲೇ ಇದೆ. ಅಪ್ಪಟ ಬೆಳ್ಳಿಯ ಚೂರು ತಂತಿಯನ್ನು ಸೆರಾಮಿಕ್ ತುಂಡಿನ ಮೇಲಿಟ್ಟು ನಿಧಾನವಾಗಿ ಶಾಖ ಏರಿಸಿ. ಅದು ಮುದುಡಿ ಮಣಿಯಾಗುವಾಗ ಅಂಕಿ 950ರಿಂದ 962ರ ನಡುವೆ ಇದ್ದರೆ ಕುಲುಮೆ ನಿಜ ಹೇಳುತ್ತಿದೆ. ಗಾಳಿಯಲ್ಲಿ ಬೆಳ್ಳಿ ಒಂದಿಷ್ಟು ಆಮ್ಲಜನಕ ಹೀರಿ ಕೆಲವು ಡಿಗ್ರಿ ಮೊದಲೇ ಕರಗುವುದರಿಂದ ಈ ಅಂತರ. 900 ಎಂದು ತೋರಿಸಿ ನಿಜವಾಗಿ 960 ಇರುವ ಕುಲುಮೆಯಲ್ಲಿ ಜೇಡಿಯ ಒಡವೆ ಒಂದು ಗುಂಡಾಗಿ ಕೂತಿರುತ್ತದೆ!

ಎರಡು ಕಸುಬೂ ಒಂದಾಗುವುದು ಇನ್ನೊಂದು ಜಾಗದಲ್ಲಿ. ಜೇಡಿಯಿಂದ ಬರುವುದು ಶುದ್ಧ ಬೆಳ್ಳಿ, ಅದರಲ್ಲಿ ತಾಮ್ರವಿಲ್ಲ. ಆದ್ದರಿಂದ ಕಾಯಿಸಿದಾಗ ಕಪ್ಪು ಹುರುಪೆ ಏಳುವುದಿಲ್ಲ. ಪಾರದರ್ಶಕ ಎನಾಮಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಮೊದಲು 900ರಲ್ಲಿ ಜೇಡಿ ಸುಟ್ಟು, ಉಜ್ಜಿ ಹೊಳಪು ಕೊಟ್ಟು, ಆಮೇಲೆ 780–800ರಲ್ಲಿ ಬಣ್ಣ ಕೂರಿಸಬೇಕು. ಕ್ರಮ ತಪ್ಪಬಾರದು. ಕೆಂಪು, ಕಿತ್ತಳೆ ಗಾಜುಗಳು ಬೆಳ್ಳಿಗೆ ನೇರ ತಾಗಿದರೆ ಕಂದುತ್ತವೆ. ನಡುವೆ ಬಣ್ಣವಿಲ್ಲದ ಗಾಜಿನ ಪದರ ಕೊಡಬೇಕು. ಅಂಗಡಿಯ 925 ಬೆಳ್ಳಿ 800 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಅದನ್ನು ಜೇಡಿಯ ಜೊತೆ 900ಕ್ಕೆ ಒಯ್ಯಬೇಡಿ. ಇಂಗಾಲದ ಡಬ್ಬಿ ಮತ್ತು ಎನಾಮಲ್ ಎಂದೂ ಒಟ್ಟಿಗೆ ಬೇಡ.

ತಂದೆತಾಯಿಯರ ಗಮನಕ್ಕೆ

ಕುಲುಮೆಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಕಿಟಕಿ ತೆರೆದಿರುವ ಜಾಗ, ಕೆಳಗೆ ಕಲ್ಲು ಅಥವಾ ಹೆಂಚು, ಗೋಡೆಯಿಂದ ಒಂದು ಗೇಣು ದೂರ ಇರಲಿ. ಹತ್ತಿರದಲ್ಲಿ ಪರದೆ ಬೇಡ. ಉದ್ದ ಚಿಮ್ಮಟ, ಚರ್ಮದ ಕೈಚೀಲ, ಹತ್ತಿಯ ಬಟ್ಟೆ, ಕಾದ ಗೂಡನ್ನು ದಿಟ್ಟಿಸುವಾಗ ಇನ್‌ಫ್ರಾರೆಡ್ ಕಿರಣ ತಡೆಯುವ ಕನ್ನಡಕ ಇರಲಿ. ಸೀಸವಿಲ್ಲದ ಎನಾಮಲ್ಲನ್ನೇ ಕೇಳಿ ಕೊಳ್ಳಿ. ಗಾಜಿನ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಮುಖಕ್ಕೆ ಮಾಸ್ಕ್ ಹಾಕಿ, ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಇಂಗಾಲದಲ್ಲಿ ಸುಡುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ. ಮಳೆಯೆಂದು ಬಾಗಿಲು ಮುಚ್ಚಿಕೊಂಡು ಈ ಕೆಲಸ ಸರ್ವಥಾ ಸಲ್ಲದು.

ಇನ್ನೊಂದು ಮಾತು. ಮನೆಯ ಹಳೆಯ ಕೆ.ಡಿ.ಎಂ. ಒಡವೆಗೆ ಬಣ್ಣ ಹಾಕಿಸೋಣ ಎಂಬ ಆಸೆ ಬೇಡವೇ ಬೇಡ. ಆ ಬೆಸುಗೆಯಲ್ಲಿರುವುದು ಕ್ಯಾಡ್ಮಿಯಂ. ಕುಲುಮೆಯ ಶಾಖಕ್ಕೆ ಅದು ವಿಷದ ಹೊಗೆಯಾಗುತ್ತದೆ. ಹಿತ್ತಾಳೆಯನ್ನೂ ದೂರವಿಡಿ, ಅದರಲ್ಲಿ ಸತುವಿದೆ.

ಕಸುಬು ಮತ್ತು ಓದು

ಯಜಮಾನರ ಅಂಜಿಕೆ ಬರೀ ಹಣದ್ದಲ್ಲ. ಈ ಕಸುಬು ಕೈಕೊಟ್ಟುದನ್ನು ಅವರು ಚಿಕ್ಕಂದಿನಿಂದ ಕೇಳಿ ಬೆಳೆದವರು. 1963ರ ಜನವರಿಯಲ್ಲಿ ಕೇಂದ್ರ ಸರ್ಕಾರ ಚಿನ್ನದ ನಿಯಂತ್ರಣ ತಂದು, 14 ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡಬಾರದೆಂದು ವಿಧಿಸಿತು. ಮೊರಾರ್ಜಿ ದೇಸಾಯಿ ಆಗ ಹಣಕಾಸು ಮಂತ್ರಿ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರ ಒಲೆ ಆರಿತು. 14 ಕ್ಯಾರೆಟ್ಟಿನ ವಿಧಿ 1966ರಲ್ಲಿ ಹೋಯಿತು. ಆದರೆ 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೂ ಉಳಿಯಿತು. ಅದು ತೊಲಗುವ ಹೊತ್ತಿಗೆ ಎಷ್ಟೋ ಮನೆಗಳ ಮಕ್ಕಳು ಬ್ಯಾಂಕು, ಶಾಲೆ, ಮುಂಬಯಿ ಎಂದು ಚದುರಿದ್ದರು. ಆಮೇಲೆ ಯಂತ್ರದ ಒಡವೆ ಬಂತು. ಹೊನ್ನಾವರ ತಾಲ್ಲೂಕಿನ ಕರ್ಕಿಯಲ್ಲಿ ದೈವಜ್ಞ ಸಮಾಜದ ಮಠವೇ ಇದೆ. ಚಿನ್ನಬೆಳ್ಳಿಯ ಕೆಲಸ ಈ ಕರಾವಳಿಯಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಮಗಳಿಗೆ ಕುಲುಮೆ ಕೊಡಿಸಬೇಕೇ? ನನ್ನ ಸಲಹೆ ಹೀಗಿತ್ತು. ಮೊದಲ ದಿನವೇ ಬೇಡ. ಬೆಳ್ಳಿ ಜೇಡಿ ವಿದೇಶಿ ಮಾಲು, ಬೆಳ್ಳಿಗಿಂತ ದುಬಾರಿ. ತಾಮ್ರದ ತಗಡು, ನಾಲ್ಕು ಬಣ್ಣದ ಪುಡಿಯಿಂದ ಎನಾಮಲ್ ಕಲಿಯಲಿ. ಎಂಜಿನಿಯರಿಂಗ್ ಕಾಲೇಜು, ವಿಜ್ಞಾನ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಮಫಲ್ ಕುಲುಮೆ ಇರುತ್ತದೆ. ಪ್ರಾಧ್ಯಾಪಕರ ಅನುಮತಿ ಪಡೆದು, ಅವರ ಎದುರಿಗೇ ನಾಲ್ಕಾರು ಸಲ ಸುಡಲಿ. ಆಗಲೂ ಆಸೆ ಉಳಿದರೆ, ಇಬ್ಬರು ಮೂವರು ಸೇರಿ ಒಂದು ಕುಲುಮೆ ಕೊಳ್ಳಲಿ. ಓದು ಬಿಡುವುದು ಬೇಡ. ರಸಾಯನಶಾಸ್ತ್ರ, ಭೌತಶಾಸ್ತ್ರ ಬಲ್ಲ ಅಕ್ಕಸಾಲಿಗಳಿಗೆ ಕುಲುಮೆ ಬೇಗ ಒಲಿಯುತ್ತದೆ. ಒಡವೆಯ ವಿನ್ಯಾಸವನ್ನೇ ಓದಬೇಕೆಂದರೆ ಮುಂಬಯಿ, ಜಯಪುರಗಳಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜೆಮ್ಸ್ ಅಂಡ್ ಜುವೆಲರಿ ಇದೆ. ನಿಫ್ಟ್‌ನಂಥ ಸಂಸ್ಥೆಗಳಲ್ಲೂ ಇದಕ್ಕೆ ಹತ್ತಿರದ ಪದವಿ ತರಗತಿಗಳಿವೆ.

ಮಾಡುವುದಾದರೂ ಏನನ್ನು? ಜಯಪುರದ ನವಿಲನ್ನು ಜಯಪುರದವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ನಮ್ಮ ಹಾಲಕ್ಕಿ ಒಕ್ಕಲಿಗ ಹೆಂಗಸರು ಕೊರಳ ತುಂಬ ಧರಿಸುವ ಮಣಿಸರಗಳ ಬಣ್ಣಗಳನ್ನು ನೋಡಿ, ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ನೋಡಿ. ಅಘನಾಶಿನಿಯ ಚಿಪ್ಪು, ಶರಾವತಿ ದಂಡೆಯ ಎಲೆ, ಇವೆಲ್ಲ ಜೇಡಿಯಲ್ಲಿ ಒತ್ತಿದರೆ ಸಾಕು. ಅಚ್ಚು ನಮ್ಮ ಊರಿನದೇ ಆಗಿರುತ್ತದೆ.

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಎದ್ದು ಹೋಗಿ, ತುಕ್ಕು ಹಿಡಿದ ತಂತಿ ಎಳೆಯುವ ಯಂತ್ರವನ್ನು ಜಗಲಿಯ ಆಚೆ ತುದಿಗೆ ಸರಿಸಿದರು. ಖಾಲಿಯಾದ ಜಾಗಕ್ಕೆ ಗೇಣು ಹಾಕಿ ಅಳೆದರು.

‘ಈಗಲೇ ಕೊಡಿಸುತ್ತೇನೆ ಅಂದುಕೊಳ್ಳಬೇಡ ಮಗಾ’ ಎಂದರು. ‘ಮೊದಲು ಕಾಲೇಜಿನಲ್ಲಿ ಕೇಳು. ಅಷ್ಟರೊಳಗೆ ಸಂಜೆ ಹೊತ್ತು ಇಲ್ಲಿ ಬಂದು ಕೂತುಕೋ. ಬೆಂಕಿಯ ಬಣ್ಣ ನೋಡುವುದನ್ನು ಕಲಿಸುತ್ತೇನೆ. ಅದಕ್ಕೆ ಕರೆಂಟು ಬೇಡ.’